ಐವತ್ತಾರು ಮೋಟಾರುಗಳ ರೈಲು

ಬುಲೆಟ್ ರೈಲಿನ ಚಿತ್ರ ನೋಡದವರು ಈಗ ಕಡಿಮೆ. ಚಾಚಿದ ಮೂತಿ, ಬಿಳಿ ಮೈ, ಕಿಟಕಿಯ ಉದ್ದಕ್ಕೂ ನೀಲಿ ಪಟ್ಟೆ, ಗಂಟೆಗೆ 300 ಕಿ.ಮೀ. ಆಸುಪಾಸಿನ ವೇಗ. ಇಷ್ಟನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಆ ಮೂತಿಯ ಹಿಂದೆ ಏನಿದೆ ಎಂದು ಕೇಳಿದರೆ ಮಾತ್ರ ಹೆಚ್ಚಿನವರು ಥಟ್ಟನೆ ‘ಎಂಜಿನ್ನು’ ಎಂದುಬಿಡುತ್ತಾರೆ. ರೈಲೆಂದರೆ ಮುಂದೊಂದು ಎಂಜಿನ್ನು, ಹಿಂದೆ ಬೋಗಿಗಳ ಸಾಲು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಅಷ್ಟು ಗಟ್ಟಿಯಾಗಿ ಕೂತಿದೆ.

ಆ ಮೂತಿಯೊಳಗೆ ಎಂಜಿನ್ನು ಇಲ್ಲ. ಚಾಲಕನ ಕೋಣೆ ಇದೆ, ಅದರ ಬೆನ್ನಿಗೇ ಪ್ರಯಾಣಿಕರ ಸೀಟುಗಳು ಶುರುವಾಗುತ್ತವೆ. ಟೋಕಿಯೋ ಮತ್ತು ಒಸಾಕಾ ನಡುವೆ ಓಡುವ ಎನ್700 ಜಾತಿಯ ರೈಲಿಗೆ 16 ಬೋಗಿಗಳು. ಅವುಗಳಲ್ಲಿ 14ರ ಅಡಿಯಲ್ಲಿ ಮೋಟಾರುಗಳಿವೆ, ಎರಡರಲ್ಲಿ ಇಲ್ಲ. ಮೋಟಾರಿಲ್ಲದ ಆ ಎರಡು ಯಾವುವು ಗೊತ್ತೇ? ತೀರಾ ಮುಂದಿನದು ಮತ್ತು ತೀರಾ ಹಿಂದಿನದು. ಎಂಜಿನ್ನು ಇರಬೇಕೆಂದು ನಾವು ಎಣಿಸಿದ ಜಾಗದಲ್ಲೇ ಎಳೆಯುವ ಶಕ್ತಿ ಇಲ್ಲ. ಇದು ವಿನ್ಯಾಸಕಾರರ ಹುಚ್ಚಾಟವಲ್ಲ. ಇದರ ಹಿಂದೆ ಬಲು ಸರಳವಾದ ಒಂದು ಕಾರಣವಿದೆ, ಮತ್ತು ಅದು ಸ್ಪಷ್ಟವಾಗಿ ಕಾಣುವುದು ಟೋಕಿಯೋದಿಂದ ಹೊರಟ ಉದ್ದ ಪಯಣದಲ್ಲಿ ಅಲ್ಲ, ಎರಡು ನೆರೆಯೂರುಗಳ ನಡುವಿನ ಗಿಡ್ಡ ಓಟದಲ್ಲಿ.

ಕ್ಯೋಟೋದಿಂದ ಶಿನ್-ಒಸಾಕಾ

ಕ್ಯೋಟೋ ಮತ್ತು ಶಿನ್-ಒಸಾಕಾ ನಿಲ್ದಾಣಗಳ ನಡುವೆ 39 ಕಿ.ಮೀ. ರೈಲು ಹೊರಟ ಕೂಡಲೇ ಎಡಗಡೆ ತೋಜಿ ದೇವಾಲಯದ ಐದಂತಸ್ತಿನ ಮರದ ಗೋಪುರ ಕಾಣುತ್ತದೆ. ಸುಮಾರು 55 ಮೀಟರು ಎತ್ತರದ ಅದು ಜಪಾನಿನ ಮರದ ಗೋಪುರಗಳಲ್ಲೆಲ್ಲ ಎತ್ತರದ್ದು. ಆಮೇಲೆ ಮನೆಗಳು, ಕಾರ್ಖಾನೆಗಳು, ನಡುನಡುವೆ ಗದ್ದೆ. ದಾರಿಯ ಮೂರನೇ ಒಂದು ಭಾಗ ಕಳೆಯುವ ಹೊತ್ತಿಗೆ ಓಯಾಮಜಾಕಿ ಬರುತ್ತದೆ. ಬಲಕ್ಕೆ ತೆನ್ನೋಜಾನ್ ಗುಡ್ಡ, ಎಡಕ್ಕೆ ಮೂರು ನದಿಗಳು ಕೂಡಿ ಯೋದೋ ನದಿಯಾಗುವ ಬಯಲು, ನಡುವೆ ಇಕ್ಕಟ್ಟಾದ ಒಂದು ಪಟ್ಟಿ. 1582ರಲ್ಲಿ ಸೇನಾಪತಿ ಹಿದೆಯೋಶಿ ಇಲ್ಲಿ ಗೆದ್ದ ಕಾಳಗ ಜಪಾನಿನ ಚರಿತ್ರೆಯನ್ನೇ ತಿರುಗಿಸಿತು. ಇವತ್ತು ಅದೇ ಇಕ್ಕಟ್ಟಿನಲ್ಲಿ ಮೂರು ರೈಲುದಾರಿಗಳೂ ಹೆದ್ದಾರಿಗಳೂ ಮೈಗೆ ಮೈ ತಾಗಿಸಿಕೊಂಡು ಸಾಗುತ್ತವೆ. ಅದನ್ನು ದಾಟಿ ಸ್ವಲ್ಪ ಹೊತ್ತಿಗೆ ರೈಲು ನಿಧಾನಿಸುತ್ತದೆ, ಶಿನ್-ಒಸಾಕಾ ಬಂತು. ಹೆಚ್ಚೆಂದರೆ 15 ನಿಮಿಷ.

ಪಕ್ಕದ ಹಳೆಯ ಹಳಿಯಲ್ಲಿ ಓಡುವ ವಿಶೇಷ ವೇಗದ ಸಾಮಾನ್ಯ ರೈಲು, ಗಂಟೆಗೆ 130 ಕಿ.ಮೀ. ಮೀರದೆ, ಇದೇ ದಾರಿಯನ್ನು 24 ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತದೆ. ಬುಲೆಟ್ ರೈಲಿನ ಟಿಕೆಟಿಗೆ ಅದರ ಎರಡು ಪಟ್ಟಿಗಿಂತಲೂ ಹೆಚ್ಚು ದುಡ್ಡು. ಹಾಗಾಗಿ ಈ ಗಿಡ್ಡ ಓಟಕ್ಕೆ ಬುಲೆಟ್ ರೈಲು ಹತ್ತುವುದು ದುಂದು ಎನ್ನುವವರು ಬಹಳ. ಪ್ರಯಾಣದ ಲೆಕ್ಕದಲ್ಲಿ ಅವರ ಮಾತು ಸರಿಯೇ. ಆದರೆ ರೈಲಿನ ಒಳಗುಟ್ಟು ತಿಳಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಪಯಣ ಸಿಗದು.

ಒಂದು ಲೆಕ್ಕ ನೋಡಿ. ದಾರಿಯುದ್ದಕ್ಕೂ ಗಂಟೆಗೆ 270 ಕಿ.ಮೀ. ವೇಗದಲ್ಲೇ ಹೋಗುವಂತಿದ್ದರೆ 39 ಕಿ.ಮೀ.ಗೆ 9 ನಿಮಿಷ ಕೂಡ ಬೇಡ. ಹಿಡಿಯುತ್ತಿರುವುದು 14–15 ನಿಮಿಷ. ಉಳಿದ ಐದಾರು ನಿಮಿಷ ವೇಗ ಏರಿಸಿಕೊಳ್ಳುವುದಕ್ಕೂ ಇಳಿಸಿಕೊಳ್ಳುವುದಕ್ಕೂ ಹೋಯಿತು. ಗರಿಷ್ಠ ವೇಗವನ್ನು 270ರಿಂದ 300ಕ್ಕೆ ಏರಿಸಿದರೂ ಈ ದಾರಿಯಲ್ಲಿ ಉಳಿಯುವುದು ಒಂದು ನಿಮಿಷಕ್ಕಿಂತ ಕಡಿಮೆ. ಪತ್ರಿಕೆಗಳ ತಲೆಬರಹಕ್ಕೆ ಗರಿಷ್ಠ ವೇಗ ಬೇಕು. ನಿಲ್ದಾಣಗಳು ಹತ್ತಿರ ಹತ್ತಿರ ಇರುವ ದೇಶಕ್ಕೆ ಬೇಕಾದದ್ದು ಆ ವೇಗವನ್ನು ಎಷ್ಟು ಬೇಗ ಮುಟ್ಟುತ್ತೇವೆ ಎಂಬುದು. ನಿಂತಲ್ಲಿಂದ 270 ಮುಟ್ಟಲು ಎನ್700ಕ್ಕೆ ಸುಮಾರು 3 ನಿಮಿಷ ಸಾಕು. ಅದಕ್ಕಿಂತ ಹಿಂದಿನ 700 ಜಾತಿಯ ರೈಲಿಗೆ 5 ನಿಮಿಷ ಬೇಕಾಗಿತ್ತು.

ಹಾಗಾದರೆ ರೈಲು ಬೇಗ ವೇಗ ಏರಿಸಿಕೊಳ್ಳದಂತೆ ತಡೆಯುವುದು ಯಾವುದು? ಇನ್ನೂ ದೊಡ್ಡ ಎಂಜಿನ್ನು ಹಾಕಿದರೆ ಆಯಿತಲ್ಲ?

ಉಕ್ಕಿನ ಮೇಲೆ ಉಕ್ಕು

ರೈಲಿನ ಗಾಲಿಯೂ ಉಕ್ಕು, ಅದು ಉರುಳುವ ಹಳಿಯೂ ಉಕ್ಕು. ಎರಡೂ ಗಟ್ಟಿ, ಎರಡೂ ನುಣುಪು. ಹಲವು ಟನ್ ಭಾರ ಹೊತ್ತ ಗಾಲಿ ಹಳಿಯನ್ನು ಮುಟ್ಟುವ ಜಾಗ ಒಂದು ಬೆರಳ ತುದಿಯಷ್ಟು ಮಾತ್ರ. ಲಾರಿಯ ಟಯರಿನಂತೆ ಅದು ಚಪ್ಪಟೆಯಾಗಿ ನೆಲಕ್ಕೆ ಅಂಟುವುದಿಲ್ಲ. ರೈಲಿನ ಮಿತವ್ಯಯವೆಲ್ಲ ಇಲ್ಲಿಂದಲೇ ಬರುವುದು. ಸಮತಟ್ಟಾದ ಹಳಿಯ ಮೇಲೆ ಒಂದು ಟನ್ ಭಾರವನ್ನು ನಿಧಾನವಾಗಿ ಉರುಳಿಸಲು ಒಂದೆರಡು ಕಿಲೋ ಬಲ ಸಾಕು.

ಆದರೆ ಉರುಳುವುದು ಸುಲಭವಾದ ಕಡೆ ಜಾರುವುದೂ ಸುಲಭ. ಗಾಲಿ ತಿರುಗಿ ರೈಲನ್ನು ಮುಂದಕ್ಕೆ ದೂಡಬೇಕಾದರೆ ಅದು ಹಳಿಯನ್ನು ಹಿಂದಕ್ಕೆ ಒತ್ತಬೇಕು. ಒತ್ತುವಾಗ ಜಾರದೆ ಇರಬೇಕು. ಗಾಲಿಗೂ ಹಳಿಗೂ ನಡುವಿನ ಈ ಜಾರದ ಗುಣವನ್ನು ‘ಹಿಡಿತ’ ಎಂದು ಕರೆಯೋಣ. ಒಣಗಿದ ಹಳಿಯ ಮೇಲೆ ಹಿಡಿತ ಚೆನ್ನಾಗಿದ್ದಾಗ, ಗಾಲಿಯ ಮೇಲೆ ಎಷ್ಟು ಭಾರ ಕೂತಿದೆಯೋ ಅದರ ಸುಮಾರು ಮೂರನೇ ಒಂದು ಭಾಗದಷ್ಟು ಬಲದಿಂದ ಒತ್ತಬಹುದು. ಅದಕ್ಕಿಂತ ಹೆಚ್ಚು ಒತ್ತಿದರೆ ಗಾಲಿ ನಿಂತಲ್ಲೇ ಗಿರಗಿರನೆ ತಿರುಗುತ್ತದೆ, ರೈಲು ಮುಂದೆ ಹೋಗುವುದಿಲ್ಲ. ಮಳೆ ಬಿದ್ದರೆ ಹಿಡಿತ ಕುಸಿಯುತ್ತದೆ. ವೇಗ ಹೆಚ್ಚಿದಂತೆ ಇನ್ನೂ ಕುಸಿಯುತ್ತದೆ, ಏಕೆಂದರೆ ಗಾಲಿ ಮತ್ತು ಹಳಿಯ ನಡುವಿನ ನೀರಿನ ತೆಳುಪದರಕ್ಕೆ ಪಕ್ಕಕ್ಕೆ ಸರಿಯಲು ಸಮಯ ಸಿಗುವುದಿಲ್ಲ. ಜಪಾನಿನ ಎಂಜಿನಿಯರುಗಳು ವಿನ್ಯಾಸಕ್ಕೆ ಇಟ್ಟುಕೊಂಡ ಲೆಕ್ಕದಂತೆ, ಒದ್ದೆ ಹಳಿಯ ಮೇಲೆ ಆಗತಾನೆ ಹೊರಟ ಗಾಲಿಗೆ ತನ್ನ ಭಾರದ ಆರನೇ ಒಂದು ಭಾಗದಷ್ಟು ಹಿಡಿತ. ಗಂಟೆಗೆ 50 ಕಿ.ಮೀ. ಮುಟ್ಟುವಾಗ ಹತ್ತನೇ ಒಂದು ಭಾಗ. 270ರಲ್ಲಿ ಇಪ್ಪತ್ತೈದನೇ ಒಂದು ಭಾಗ ಉಳಿದರೆ ಹೆಚ್ಚು.

ಎಂಜಿನ್ನಿನ ಶಕ್ತಿ ಎಷ್ಟೇ ಇರಲಿ, ಈ ಮಿತಿಯನ್ನು ಅದು ಮೀರಲಾರದು.

ತೇರು ಎಳೆಯುವವರ ಪಾದ

ಜಾತ್ರೆಯಲ್ಲಿ ತೇರು ಎಳೆಯುವುದನ್ನು ನೆನಪಿಸಿಕೊಳ್ಳಿ. ಊರಿನ ಅತಿ ಬಲಶಾಲಿ ಪೈಲ್ವಾನನೊಬ್ಬನ ಕೈಗೆ ಹಗ್ಗ ಕೊಟ್ಟು ಎಳೆ ಎಂದರೆ ಏನಾಗುತ್ತದೆ? ಅವನ ತೋಳು ಸೋಲುವ ಮೊದಲೇ ಕಾಲು ಜಾರುತ್ತದೆ. ಅವನ ಪಾದ ನೆಲವನ್ನು ಹಿಡಿಯುವುದು ಅವನ ಸ್ವಂತ ತೂಕ ಎಷ್ಟಿದೆಯೋ ಅದಕ್ಕೆ ತಕ್ಕಷ್ಟೇ. ತೋಳಿನಲ್ಲಿ ಇನ್ನೂ ಎರಡು ಪಟ್ಟು ಬಲ ತುಂಬಿದರೂ ಪಾದ ಅದನ್ನು ನೆಲಕ್ಕೆ ದಾಟಿಸಲಾರದು. ಮಳೆ ಬಂದು ತೇರಬೀದಿ ಕೆಸರಾದರಂತೂ ಮುಗಿಯಿತು. ಅದೇ ಹಗ್ಗವನ್ನು ಇನ್ನೂರು ಜನ ಸಾಧಾರಣ ಮೈಕಟ್ಟಿನವರು ಹಿಡಿಯಲಿ. ಯಾರೂ ಪೂರಾ ಬಲ ಹಾಕಬೇಕಿಲ್ಲ. ಒಬ್ಬೊಬ್ಬರ ಪಾದವೂ ಜಾರುವ ಹಂತಕ್ಕಿಂತ ಬಹಳ ಕೆಳಗೇ ಇರುತ್ತದೆ. ತೇರು ಕದಲುತ್ತದೆ.

ಎಂಜಿನ್ನು ಆ ಪೈಲ್ವಾನ. 80 ಟನ್ ತೂಕದ ಎಂಜಿನ್ನೊಂದು 700 ಟನ್ ಬೋಗಿಗಳನ್ನು ಎಳೆಯುತ್ತಿದೆ ಎಂದುಕೊಳ್ಳಿ. ಹಳಿಯನ್ನು ಒತ್ತಲು ಬಳಕೆಯಾಗುವುದು ಎಂಜಿನ್ನಿನ ಗಾಲಿಗಳ ಮೇಲಿನ 80 ಟನ್ ಮಾತ್ರ. ಬೋಗಿಗಳ 700 ಟನ್ ಎಳೆಸಿಕೊಳ್ಳುವ ಭಾರವೇ ಹೊರತು ಎಳೆಯಲು ನೆರವಾಗದು. ಒದ್ದೆ ಹಳಿಯಲ್ಲಿ ಹತ್ತನೇ ಒಂದು ಭಾಗದ ಹಿಡಿತವೆಂದರೆ 8 ಟನ್ನಿನಷ್ಟು ಬಲ. ಅಷ್ಟರಲ್ಲಿ ಈ ರೈಲಿನ ವೇಗ ಸೆಕೆಂಡಿಗೆ ಗಂಟೆಗೆ ಅರ್ಧ ಕಿ.ಮೀ.ನಷ್ಟೂ ಏರದು. ಅರ್ಧ ಎಂದೇ ಹಿಡಿಯೋಣ. 270 ಮುಟ್ಟಲು 9 ನಿಮಿಷ ಬೇಕು, ಅಷ್ಟರಲ್ಲಿ 20 ಕಿ.ಮೀ. ಕಳೆದಿರುತ್ತದೆ. ಕ್ಯೋಟೋ–ಶಿನ್-ಒಸಾಕಾ ದಾರಿಯ ಅರ್ಧಕ್ಕಿಂತ ಹೆಚ್ಚು!

ಎನ್700ರಲ್ಲಿ ಮೋಟಾರು 14 ಬೋಗಿಗಳಲ್ಲಿದೆ, ಪ್ರತಿ ಬೋಗಿಗೆ ನಾಲ್ಕು ಅಚ್ಚು, ಪ್ರತಿ ಅಚ್ಚಿಗೆ ಒಂದು ಮೋಟಾರು. ಒಟ್ಟು 56. ರೈಲಿನ ಒಟ್ಟು ತೂಕ ಸುಮಾರು 700 ಟನ್, ಅದರಲ್ಲಿ ಎಂಟರಲ್ಲಿ ಏಳು ಪಾಲು ಮೋಟಾರಿರುವ ಗಾಲಿಗಳ ಮೇಲೇ ಕೂತಿದೆ. ಪ್ರಯಾಣಿಕರು, ಅವರ ಪೆಟ್ಟಿಗೆಗಳು, ಸೀಟುಗಳು, ಎಲ್ಲದರ ತೂಕವೂ ಗಾಲಿಯನ್ನು ಹಳಿಗೆ ಒತ್ತುವ ಕೆಲಸ ಮಾಡುತ್ತದೆ. ಹೊರಡುವಾಗ ಈ ರೈಲಿನ ವೇಗ ಸೆಕೆಂಡಿಗೆ ಗಂಟೆಗೆ 2.6 ಕಿ.ಮೀ.ನಷ್ಟು ಏರುತ್ತದೆ. ಇದಕ್ಕೆ ಪ್ರತಿ ಗಾಲಿ ತನ್ನ ಮೇಲಿನ ಭಾರದ ಹನ್ನೆರಡನೇ ಒಂದು ಭಾಗದಷ್ಟು ಬಲ ಹಾಕಿದರೆ ಸಾಕು. ಮಳೆಗಾಲದ ಹಳಿಯೂ ಅಷ್ಟನ್ನು ತಾಳುತ್ತದೆ. ‘ಹಂಚಿದ ಎಳೆತ’ ಎಂದು ಈ ಏರ್ಪಾಟನ್ನು ಕರೆಯಬಹುದು.

ಕ್ಯಾಸಲ್‌ರಾಕ್ ಕಡೆಯ ಘಾಟಿಯಲ್ಲಿ ರೈಲಿಗೆ ಹಿಂದಿನಿಂದಲೂ ಎಂಜಿನ್ನು ಜೋಡಿಸುವುದನ್ನು ನೋಡಿದವರಿಗೆ ಇದರ ಅರ್ಧ ಕಥೆ ಆಗಲೇ ಗೊತ್ತು. 37 ಅಡಿಗೆ ಒಂದು ಅಡಿ ಏರುವ ಆ ಕಡಿದಾದ ದಾರಿಯಲ್ಲಿ, ಮಲೆನಾಡಿನ ಮಳೆಯಲ್ಲಿ, ಹೆಚ್ಚು ಗಾಲಿಗಳು ಹಳಿ ಹಿಡಿಯಬೇಕು. ಎಂಜಿನ್ನುಗಳು ಹಳಿಗೆ ಮರಳು ಉದುರಿಸುವುದೂ ಅದೇ ಹಿಡಿತಕ್ಕಾಗಿ.

ಒಂದು ಸನ್ನೆ, ನೂರಾರು ಗಾಲಿ

ಮೋಟಾರುಗಳನ್ನು ಹಂಚುವುದು ಹೇಳಿದಷ್ಟು ಸುಲಭವಲ್ಲ. 56 ಮೋಟಾರುಗಳೂ ಒಟ್ಟಿಗೆ ಶುರುವಾಗಬೇಕು, ಒಟ್ಟಿಗೆ ನಿಧಾನಿಸಬೇಕು. ಚಾಲಕ ಒಬ್ಬನೇ. ಈ ಗಂಟು ಬಿಡಿಸಿದ್ದು ಜಪಾನಿನವರಲ್ಲ, ಅಮೆರಿಕದ ಫ್ರಾಂಕ್ ಸ್ಪ್ರೇಗ್. 1897ರಲ್ಲಿ ಷಿಕಾಗೋದ ಎತ್ತರಿಸಿದ ನಗರ ರೈಲಿಗೆ ಆತ ಒಂದು ಉಪಾಯ ಮಾಡಿದ: ಮೋಟಾರಿಗೆ ಹೋಗುವ ಭಾರಿ ವಿದ್ಯುತ್ತನ್ನು ಚಾಲಕನ ಕೋಣೆಗೆ ತರುವುದು ಬೇಡ. ಬೋಗಿಯಿಂದ ಬೋಗಿಗೆ ತೆಳ್ಳನೆಯ ತಂತಿ ಎಳೆದು ಅದರಲ್ಲಿ ಸನ್ನೆ ಮಾತ್ರ ಕಳಿಸೋಣ, ಆ ಸನ್ನೆ ಹಿಡಿದು ಪ್ರತಿ ಬೋಗಿ ತನ್ನ ಮೋಟಾರನ್ನು ತಾನೇ ನಡೆಸಿಕೊಳ್ಳಲಿ. ಅಲ್ಲಿಂದ ಇಲ್ಲಿಯವರೆಗೆ ಜಗತ್ತಿನ ಮೆಟ್ರೋ ರೈಲುಗಳೆಲ್ಲ, ನಮ್ಮ ಮೆಟ್ರೋ ಕೂಡ, ಇದೇ ದಾರಿಯಲ್ಲಿ ನಡೆದಿವೆ. ಒಂದೊಂದು ಕಿಲೋಮೀಟರಿಗೂ ನಿಂತು ಹೊರಡಬೇಕಾದ ರೈಲಿಗೆ ಬೇಗ ವೇಗ ಏರಿಸಿಕೊಳ್ಳುವುದೇ ಜೀವಾಳ.

ಅಂದರೆ ಈ ವಿದ್ಯೆ ಹುಟ್ಟಿದ್ದು ನಗರದೊಳಗಿನ ನಿಧಾನದ ರೈಲಿಗಾಗಿ. ದೂರ ಓಡುವ ವೇಗದ ರೈಲಿಗೆ ಇದು ಒಗ್ಗದು ಎಂದೇ 1950ರ ದಶಕದ ತನಕ ಬಹುಪಾಲು ರೈಲ್ವೆ ಎಂಜಿನಿಯರುಗಳ ನಂಬಿಕೆಯಾಗಿತ್ತು. ಸೀಟಿನ ಅಡಿಯಲ್ಲೇ ಮೋಟಾರು ಗುರುಗುಟ್ಟುತ್ತಿದ್ದರೆ ಗಂಟೆಗಟ್ಟಲೆ ಕೂರುವವರ ಗತಿ ಏನು ಎಂಬ ಅವರ ಆಕ್ಷೇಪ ಸುಳ್ಳಾಗಿರಲಿಲ್ಲ.

ಶಿಮಾ ಹಿದೆಯೊ ಹಿಡಿದ ಹಟ

ಆ ನಂಬಿಕೆಯನ್ನು ಬುಡಮೇಲು ಮಾಡಿದವರು ಶಿಮಾ ಹಿದೆಯೊ. ಎಂಜಿನ್ನಿನ ವಿರುದ್ಧ ಮಾತಾಡಲು ಅವರಿಗಿಂತ ಯೋಗ್ಯರು ಜಪಾನಿನಲ್ಲಿ ಇರಲಿಲ್ಲ, ಏಕೆಂದರೆ ಆ ದೇಶದ ಹೆಸರಾಂತ ಹಬೆ ಎಂಜಿನ್ನು ಡಿ51ರ ವಿನ್ಯಾಸದ ಮುಂದಾಳು ಅವರೇ. ಎಂಜಿನ್ನಿನ ಬಲವನ್ನೂ ಮಿತಿಯನ್ನೂ ಕೈಯಾರೆ ಅಳೆದವರು. ಅವರ ತಂದೆ ಶಿಮಾ ಯಾಸುಜಿರೊ ಕೂಡ ರೈಲ್ವೆ ಎಂಜಿನಿಯರ್. ಅಗಲ ಹಳಿ ಬೇಕೆಂದು ಕಾಲಮಾನಕ್ಕೆ ಮೊದಲೇ ಹೋರಾಡಿ ಸೋತವರು.

1951ರಲ್ಲಿ ಯೋಕೊಹಾಮಾದ ಸಕುರಾಗಿಚೊ ನಿಲ್ದಾಣದ ಬಳಿ ರೈಲೊಂದಕ್ಕೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಅದು ಬೋಗಿಯಲ್ಲೇ ಮೋಟಾರಿದ್ದ ವಿದ್ಯುತ್ ರೈಲು. ಅದರ ಹೊಣೆ ಹೊತ್ತು ಶಿಮಾ ಜಪಾನ್ ರಾಷ್ಟ್ರೀಯ ರೈಲ್ವೆ ಬಿಟ್ಟು ಹೊರನಡೆದರು. 1955ರಲ್ಲಿ ಆ ರೈಲ್ವೆಯ ಅಧ್ಯಕ್ಷರಾದ ಸೊಗೊ ಶಿಂಜಿ, ಶಿಮಾ ಅವರನ್ನು ಮರಳಿ ಕರೆತಂದರು. ಟೋಕಿಯೋ–ಒಸಾಕಾ ನಡುವೆ ಪೂರ್ತಿ ಹೊಸ ದಾರಿ ಹಾಕಬೇಕೆಂಬುದು ಸೊಗೊ ಅವರ ಹಂಬಲ. ಆ ದಾರಿಯಲ್ಲಿ ಎಂಥ ರೈಲು ಓಡಬೇಕೆಂಬ ತೀರ್ಮಾನ ಶಿಮಾ ಅವರದು.

ಹಂಚಿದ ಎಳೆತವೇ ಬೇಕೆಂದು ಶಿಮಾ ಪಟ್ಟು ಹಿಡಿದದ್ದರ ಹಿಂದೆ ಹಿಡಿತದಷ್ಟೇ ಮುಖ್ಯವಾದ ಇನ್ನೊಂದು ಕಾರಣವಿತ್ತು: ಕಾಲಡಿಯ ಮಣ್ಣು. ಜಪಾನಿನ ಜನ ಒತ್ತಾಗಿ ಬದುಕುವುದು ನದಿಗಳು ತಂದು ಹಾಕಿದ ಮೆತ್ತನೆಯ ಮಣ್ಣಿನ ಬಯಲುಗಳಲ್ಲಿ. ಎಂಜಿನ್ನು ಜಾರದಿರಬೇಕಾದರೆ ಅದು ಭಾರವಾಗಿರಲೇಬೇಕು. ಆ ಭಾರವೆಲ್ಲ ನಾಲ್ಕಾರು ಅಚ್ಚುಗಳ ಮೇಲೆ ಬೀಳುತ್ತದೆ. ಒಂದೊಂದು ಸೇತುವೆಯನ್ನೂ ಒಂದೊಂದು ಏರಿಯನ್ನೂ ಆ ಕೆಲವೇ ಅಚ್ಚುಗಳ ಹೊಡೆತ ತಾಳುವಂತೆ ಕಟ್ಟಬೇಕು, ಹಿಂದೆ ಬರುವ ಹಗುರ ಬೋಗಿಗಳಿಗೆ ಆ ಗಟ್ಟಿತನ ಬೇಕಿಲ್ಲದಿದ್ದರೂ. ಮೋಟಾರು ಹಂಚಿಬಿಟ್ಟರೆ ಭಾರವೂ ಹಂಚಿಹೋಗುತ್ತದೆ. ಮೊದಲ ಬುಲೆಟ್ ರೈಲಿನ ಅಚ್ಚಿನ ಭಾರವನ್ನು 16 ಟನ್ನಿಗೆ ಸೀಮಿತಗೊಳಿಸಲಾಯಿತು.

ಮಣ್ಣಿನ ಮಾತು ಎಷ್ಟು ನಿಜ ಎಂಬುದಕ್ಕೆ ಓಯಾಮಜಾಕಿಯೇ ಸಾಕ್ಷಿ. ಅಲ್ಲಿ ಹಾನ್‌ಕ್ಯೂ ಎಂಬ ಖಾಸಗಿ ಕಂಪನಿಯ ರೈಲುದಾರಿಗೆ ಅಂಟಿಕೊಂಡೇ ಹೊಸ ದಾರಿಯ ಏರಿ ಎಬ್ಬಿಸಬೇಕಾಯಿತು. ಏರಿಯ ಭಾರಕ್ಕೆ ಮೆತ್ತನೆಯ ನೆಲ ಕುಸಿದು ಪಕ್ಕದ ಹಳಿಗಳೂ ಸೊಟ್ಟಗಾಗುವ ಭಯ. ಕೊನೆಗೆ ಹಾನ್‌ಕ್ಯೂ ದಾರಿಯನ್ನೂ ಎತ್ತರಿಸುವುದೆಂದಾಯಿತು. ಆ ಕೆಲಸ ಮುಗಿಯುವ ತನಕ, 1963ರಲ್ಲಿ ಕೆಲವು ತಿಂಗಳು, ಹಾನ್‌ಕ್ಯೂ ರೈಲುಗಳು ಬುಲೆಟ್ ರೈಲಿಗೆಂದು ಹಾಕಿದ ಹೊಸ ಹಳಿಗಳ ಮೇಲೆ ಓಡಿದವು. ಎರಡರ ಹಳಿಗಳ ಅಂತರವೂ 1,435 ಮಿಲಿಮೀಟರು ಇದ್ದದ್ದರಿಂದ ಇದು ಸಾಧ್ಯವಾಯಿತು. ಬುಲೆಟ್ ರೈಲಿನ ಹಳಿಯ ಮೇಲೆ ಟಿಕೆಟ್ ಕೊಂಡು ಮೊದಲು ಪಯಣಿಸಿದ ಸಾರ್ವಜನಿಕರು, ಹಾಗೆ ನೋಡಿದರೆ, ಕೆಲಸಕ್ಕೆ ಹೋಗಿಬರುತ್ತಿದ್ದ ಹಾನ್‌ಕ್ಯೂ ಪ್ರಯಾಣಿಕರು.

ಗುರುಗುಟ್ಟುವ ಮೋಟಾರಿನ ತೊಂದರೆಗೂ ಮದ್ದು ಸಿಕ್ಕಿತು. ಅಚ್ಚಿಗೆ ನೇರವಾಗಿ ನೇತುಹಾಕದೆ ಮೋಟಾರನ್ನು ಚೌಕಟ್ಟಿಗೆ ಬಿಗಿದು, ಬೋಗಿಯನ್ನು ಗಾಳಿ ತುಂಬಿದ ಸ್ಪ್ರಿಂಗುಗಳ ಮೇಲೆ ಕೂರಿಸಿದಾಗ ಒಳಗೆ ಕೂತವರಿಗೆ ಅದುರು ತಿಳಿಯದಾಯಿತು. ವೇಗ ಹೆಚ್ಚಿದಾಗ ಬೋಗಿ ಅತ್ತಿತ್ತ ಹೊಯ್ದಾಡುವ ಅಪಾಯವನ್ನು ಬಿಡಿಸಿದವರು ಯುದ್ಧಕಾಲದಲ್ಲಿ ವಿಮಾನದ ರೆಕ್ಕೆಗಳ ಅದುರನ್ನು ಅಭ್ಯಾಸ ಮಾಡಿದ್ದ ಮತ್ಸುದೈರಾ ತದಾಶಿ. ಹಳೆಯ ಕಿರಿದಾದ ಹಳಿಯ ಮೇಲೇ 1958ರ ನವೆಂಬರಿನಲ್ಲಿ ‘ಕೊದಾಮಾ’ ಎಂಬ ಎಂಜಿನ್ನಿಲ್ಲದ ರೈಲು ಟೋಕಿಯೋ–ಒಸಾಕಾ ನಡುವೆ ಓಡತೊಡಗಿತು. ಎಂಜಿನ್ನು ಎಳೆಯುವ ವೇಗದ ರೈಲಿಗೆ ಏಳೂವರೆ ಗಂಟೆ ಹಿಡಿಯುತ್ತಿದ್ದ ದಾರಿಗೆ ಅದಕ್ಕೆ 6 ಗಂಟೆ 50 ನಿಮಿಷ ಸಾಕಾಯಿತು. ವಾದ ಅಲ್ಲಿಗೆ ಮುಗಿದಂತಾಯಿತು.

ಹೊಸ ದಾರಿ ಉದ್ಘಾಟನೆಯಾದದ್ದು 1964ರ ಅಕ್ಟೋಬರ್ 1ರಂದು, ಟೋಕಿಯೋ ಒಲಿಂಪಿಕ್ಸಿಗೆ ಒಂಬತ್ತು ದಿನ ಮುಂಚೆ. ಖರ್ಚು ಅಂದಾಜನ್ನು ಬಹಳ ಮೀರಿದ ಕಾರಣ ಸೊಗೊ ಮತ್ತು ಶಿಮಾ ಇಬ್ಬರೂ ಹಿಂದಿನ ವರ್ಷವೇ ಹುದ್ದೆ ಬಿಟ್ಟಿದ್ದರು. ತಾವು ಕಟ್ಟಿದ ದಾರಿಯ ಮೊದಲ ದಿನ ಅಧಿಕಾರದಲ್ಲಿ ಅವರಿರಲಿಲ್ಲ ಎಂಬುದನ್ನು ಓದಿದಾಗಲೆಲ್ಲ ಮನಸ್ಸಿಗೆ ಕಷ್ಟವಾಗುತ್ತದೆ. ಶಿಮಾ ಮುಂದೆ ಜಪಾನಿನ ಬಾಹ್ಯಾಕಾಶ ಅಭಿವೃದ್ಧಿ ಸಂಸ್ಥೆಯ ಮೊದಲ ಅಧ್ಯಕ್ಷರಾದರು.

ಹದಿನಾರು, ಹತ್ತು, ಮತ್ತೆ ಹದಿನಾಲ್ಕು

ಆ ಮೊದಲ ರೈಲಿನಲ್ಲಿ ಎಲ್ಲ ಬೋಗಿಗಳಿಗೂ ಮೋಟಾರಿತ್ತು. 12 ಬೋಗಿಗಳಿಂದ ಶುರುವಾಗಿ 16ಕ್ಕೆ ಬೆಳೆದಾಗ ಹದಿನಾರಕ್ಕೆ ಹದಿನಾರೂ ಎಳೆಯುತ್ತಿದ್ದವು. ಮುಂದೆ ಮೋಟಾರುಗಳು ಬಲವಾದಂತೆ ಅಷ್ಟು ಬೇಡ ಎನ್ನಿಸಿತು. 1992ರ 300 ಜಾತಿಯಲ್ಲಿ ಎಳೆಯುವ ಬೋಗಿಗಳು 10ಕ್ಕೆ ಇಳಿದವು. ಈ ಹಾದಿಯಲ್ಲೇ ಮುಂದುವರಿದಿದ್ದರೆ 8, 6 ಎಂದು ಇಳಿಯುತ್ತ ಹೋಗಬೇಕಿತ್ತು. ಹಾಗಾಗಲಿಲ್ಲ. 1999ರ 700ರಲ್ಲಿ 12, 2007ರ ಎನ್700ರಲ್ಲಿ 14. ಬುಲೆಟ್ ರೈಲಿನ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸುವ ಸಂಗತಿ ಇದು. ಮೋಟಾರು ಬಲಗೊಳ್ಳುತ್ತಲೇ ಹೋಯಿತು, ಆದರೆ ಕೊರತೆ ಇದ್ದದ್ದು ಮೋಟಾರಿನ ಬಲದ್ದಲ್ಲ, ಹಿಡಿತದ್ದು. ಬೇಗ ಏರಬೇಕು, ಬೇಗ ನಿಲ್ಲಬೇಕು ಎಂದಾಗ ಮತ್ತೆ ಹೆಚ್ಚು ಗಾಲಿಗಳ ಬಾಗಿಲು ತಟ್ಟಲೇಬೇಕಾಯಿತು.

300 ಜಾತಿ ಇನ್ನೊಂದು ದೊಡ್ಡ ಬದಲಾವಣೆ ತಂದಿತು. ಅದುವರೆಗೆ ಇದ್ದದ್ದು ನೇರ ವಿದ್ಯುತ್ತಿನ ಮೋಟಾರು. ಅದರ ಗಾಲಿ ಒಮ್ಮೆ ಜಾರತೊಡಗಿದರೆ ಇನ್ನೂ ಜೋರಾಗಿ ಗಿರಕಿ ಹೊಡೆಯುವತ್ತ ಹೋಗುತ್ತಿತ್ತು. ಬದಲಿಗೆ ಬಂದದ್ದು ಇಂಡಕ್ಷನ್ ಮೋಟಾರು, ನಮ್ಮ ಹೊಲಗಳ ಪಂಪ್‌ಸೆಟ್ಟಿನಲ್ಲಿರುವ ಜಾತಿಯದೇ. ಅದರ ಸುರುಳಿಗಳೊಳಗೆ ಒಂದು ಕಾಂತಬಲ ಸುತ್ತುತ್ತಿರುತ್ತದೆ, ನಡುವಿನ ದಿಂಡು ಅದರ ಹಿಂದೆ ಸ್ವಲ್ಪವೇ ತಡವಾಗಿ ತಿರುಗುತ್ತದೆ. ಆ ತಡ ಎಷ್ಟೋ ಎಳೆಯುವ ಬಲ ಅಷ್ಟು. ಗಾಲಿ ಜಾರಿ ದಿಂಡು ಓಡತೊಡಗಿದರೆ ತಡ ಕಡಿಮೆಯಾಗಿ ಎಳೆತವೂ ತಾನಾಗಿಯೇ ಇಳಿಯುತ್ತದೆ, ಗಾಲಿ ಮತ್ತೆ ಹಳಿಯನ್ನು ಹಿಡಿಯುತ್ತದೆ. ಹೊರಗಿನಿಂದ ಯಾರೂ ಲಗಾಮು ಎಳೆಯಬೇಕಿಲ್ಲ. ಒಂದು ಬೋಗಿಯ ನಾಲ್ಕು ಮೋಟಾರುಗಳಿಗೆ ಒಂದೇ ಕಡೆಯಿಂದ ವಿದ್ಯುತ್ತು ಹೋಗುವುದರಿಂದ ನಾಲ್ಕೂ ಅಚ್ಚುಗಳ ಗಾಲಿಗಳ ಅಳತೆ ಒಂದೇ ಸಮ ಇರಬೇಕು. ಒಂದು ಸವೆದು ಚಿಕ್ಕದಾದರೆ ಅದು ಬೇಗ ತಿರುಗಿ ತನ್ನ ಪಾಲಿನ ಕೆಲಸ ಉಳಿದವುಗಳ ಮೇಲೆ ಹೊರಿಸುತ್ತದೆ. ಕಾರ್ಯಾಗಾರದಲ್ಲಿ ಗಾಲಿಗಳನ್ನು ಅಷ್ಟು ನಿಷ್ಠೆಯಿಂದ ಅಳೆದು ಕಡೆಯುವುದಕ್ಕೆ ಇದೂ ಒಂದು ಕಾರಣ.

ಈಗ ಮೂತಿಯ ಪ್ರಶ್ನೆ. ಮಳೆಯಲ್ಲಿ ಓಡುವಾಗ ಹಳಿಯ ಮೇಲಿನ ನೀರನ್ನೂ ಕೊಳೆಯನ್ನೂ ಮೊದಲು ಎದುರಿಸುವುದು ಮುಂದಿನ ಬೋಗಿಯ ಗಾಲಿಗಳು. ಅವು ಹಳಿಯನ್ನು ಒರೆಸಿಕೊಂಡು ಹೋದ ಮೇಲೆ ಹಿಂದಿನ ಗಾಲಿಗಳಿಗೆ ಸಿಗುವ ಹಳಿ ಮೇಲು. ಇಡೀ ರೈಲಿನಲ್ಲಿ ಹಿಡಿತ ಅತಿ ಕಡಿಮೆ ಇರುವ ಜಾಗ ತೀರಾ ಮುಂದೆ. ಮೋಟಾರಿಲ್ಲದ ಬೋಗಿಯೊಂದನ್ನು ಇಡಲೇಬೇಕಾದರೆ ಅದಕ್ಕೆ ತಕ್ಕ ಸ್ಥಳ ಅದೇ. ರೈಲು ಎರಡೂ ದಿಕ್ಕಿಗೆ ಓಡುವುದರಿಂದ ಎರಡೂ ತುದಿಗಳಿಗೆ ಅದೇ ನಿಯಮ.

ಶಕ್ತಿಯ ಮಾತನ್ನು ಇಲ್ಲಿ ಪೂರ್ತಿ ಮರೆಯುವಂತಿಲ್ಲ. ಹೊರಡುವಾಗ ಮಿತಿ ಹಾಕುವುದು ಹಿಡಿತ. ವೇಗ ಹೆಚ್ಚಿದ ಮೇಲೆ ಗಾಳಿಯನ್ನು ತಳ್ಳಿಕೊಂಡು ಹೋಗಲು ಶಕ್ತಿ ಬೇಕು. ಮೊದಲ ರೈಲಿನ 16 ಬೋಗಿಗಳು ಸುಮಾರು 970 ಟನ್ ತೂಗುತ್ತಿದ್ದವು, ಅವುಗಳ ಒಟ್ಟು ಶಕ್ತಿ 11,840 ಕಿಲೋವಾಟ್. ಎನ್700 ಅದಕ್ಕಿಂತ ನೂರಾರು ಟನ್ ಹಗುರ, ಶಕ್ತಿ 17,080 ಕಿಲೋವಾಟ್. ಒಂದು ಟನ್ನಿಗೆ ಸಿಗುವ ಶಕ್ತಿ ಎರಡು ಪಟ್ಟಾಯಿತು.

ನಿಲ್ಲುವುದಕ್ಕೂ ಹಿಡಿತವೇ

ಶಿನ್-ಒಸಾಕಾ ಸಮೀಪಿಸಿತು. ವೇಗ ಇಳಿಸುವುದೂ ಗಾಲಿ ಹಳಿಯನ್ನು ಒತ್ತುವ ಕೆಲಸವೇ, ದಿಕ್ಕು ಮಾತ್ರ ಬೇರೆ. ಮೋಟಾರುಗಳಿಗೆ ವಿದ್ಯುತ್ತು ಕೊಡುವುದನ್ನು ನಿಲ್ಲಿಸಿ ಅವುಗಳನ್ನೇ ಗಾಲಿಗಳು ತಿರುಗಿಸುವಂತೆ ಮಾಡಿದರೆ ಅವು ವಿದ್ಯುತ್ತು ಹುಟ್ಟಿಸುತ್ತವೆ, ಹುಟ್ಟಿಸುವ ಶ್ರಮದಲ್ಲಿ ಗಾಲಿಗಳನ್ನು ತಡೆಯುತ್ತವೆ. ಮೊದಲ ಬುಲೆಟ್ ರೈಲುಗಳು ಹೀಗೆ ಹುಟ್ಟಿದ ವಿದ್ಯುತ್ತನ್ನು ಶಾಖವಾಗಿಸಿ ಗಾಳಿಗೆ ಬಿಟ್ಟುಬಿಡುತ್ತಿದ್ದವು. 300 ಜಾತಿಯಿಂದ ಈಚೆಗೆ ಅದು ಮೇಲಿನ 25,000 ವೋಲ್ಟಿನ ತಂತಿಗೆ ಮರಳುತ್ತದೆ, ಅದೇ ಭಾಗದಲ್ಲಿ ವೇಗ ಏರಿಸಿಕೊಳ್ಳುತ್ತಿರುವ ಇನ್ನೊಂದು ರೈಲು ಅದನ್ನು ಬಳಸಿಕೊಳ್ಳುತ್ತದೆ. ಇದು ‘ಮರಳಿಸುವ ಬ್ರೇಕು’. ಮೋಟಾರಿರುವ ಬೋಗಿಗಳು ಹೆಚ್ಚಾದಷ್ಟೂ ಹೀಗೆ ಮರಳುವ ಪಾಲು ಹೆಚ್ಚು. 300ರಲ್ಲೂ 700ರಲ್ಲೂ ಮೋಟಾರಿಲ್ಲದ ಬೋಗಿಗಳನ್ನು ತಡೆಯಲು ಕಾಂತಬಲದಿಂದ ನಡೆಯುವ ಬೇರೆಯೇ ಬ್ರೇಕು ಹಾಕಬೇಕಾಗಿತ್ತು. 14 ಬೋಗಿಗಳಿಗೆ ಮೋಟಾರು ಬಂದ ಮೇಲೆ ಎನ್700ಕ್ಕೆ ಆ ಹೊರೆ ಬೇಡವಾಯಿತು.

ಇದೆಲ್ಲದರ ಫಲ ಕಾಣುವುದು ವೇಳಾಪಟ್ಟಿಯಲ್ಲಿ. ಟೋಕಿಯೋ–ಶಿನ್-ಒಸಾಕಾ ದಾರಿಯಲ್ಲಿ 17 ನಿಲ್ದಾಣಗಳು. 1958ರ ರೈಲಿನ ಹೆಸರನ್ನೇ ಹೊತ್ತ ಇಂದಿನ ಬುಲೆಟ್ ರೈಲು ‘ಕೊದಾಮಾ’ ಎಲ್ಲದರಲ್ಲೂ ನಿಲ್ಲುತ್ತದೆ, ‘ನೊಜೊಮಿ’ ಕೆಲವೇ ಕಡೆ. ಕೊದಾಮಾ ಪಕ್ಕದ ಹಳಿಗೆ ಸರಿದು ನಿಂತು ನೊಜೊಮಿಗೆ ದಾರಿ ಬಿಟ್ಟು, ತಕ್ಷಣ ಹೊರಟು, ಹಿಂದಿನ ರೈಲು ಬರುವುದರೊಳಗೆ ಮುಂದಿನ ನಿಲ್ದಾಣ ಸೇರಿಕೊಳ್ಳಬೇಕು. ಅದು ನಿಧಾನವಾಗಿ ವೇಗ ಏರಿಸಿಕೊಳ್ಳುವಂತಿದ್ದರೆ ಹಿಂದಿನ ರೈಲುಗಳೆಲ್ಲ ಅದರ ಬೆನ್ನಿಗೆ ಸಿಕ್ಕಿಕೊಳ್ಳುತ್ತವೆ. ಹಳೆಯ 700 ರೈಲುಗಳನ್ನು ಪೂರ್ತಿ ತೆಗೆದು, ಇರುವುದೆಲ್ಲ ಎನ್700ರ ಕುಲದವೇ ಆದ 2020ರ ಮಾರ್ಚಿನಲ್ಲಿ, ಗಂಟೆಗೆ 12 ನೊಜೊಮಿ ಓಡಿಸುವ ವೇಳಾಪಟ್ಟಿ ಸಾಧ್ಯವಾಯಿತು.

ಫ್ರಾನ್ಸ್ ಬೇರೆ ದಾರಿ ಹಿಡಿಯಿತು. 1981ರಲ್ಲಿ ಪ್ಯಾರಿಸ್–ಲಿಯಾನ್ ನಡುವೆ ಓಡತೊಡಗಿದ ಟಿಜಿವಿಗೆ ಎರಡು ತುದಿಯಲ್ಲೂ ಎಂಜಿನ್ನುಗಳು. 400 ಕಿ.ಮೀ. ನಿಲ್ಲದೆ ಓಡುವ ರೈಲಿಗೆ ಹೊರಡುವಾಗ ಕಳೆದುಹೋಗುವ ಒಂದೆರಡು ನಿಮಿಷ ದೊಡ್ಡದಲ್ಲ, ನೆಲವೂ ಗಟ್ಟಿ. ಅವರ ನೆಲಕ್ಕೆ ಅದು ಸರಿಯಾದ ಆಯ್ಕೆಯೇ ಆಗಿತ್ತು. ಆದರೆ 2007ರ ಏಪ್ರಿಲಿನಲ್ಲಿ ಗಂಟೆಗೆ 574.8 ಕಿ.ಮೀ. ಮುಟ್ಟಿ ವಿಶ್ವದಾಖಲೆ ಮಾಡಿದ ಫ್ರೆಂಚ್ ರೈಲಿನಲ್ಲಿ, ತುದಿಯ ಎಂಜಿನ್ನುಗಳ ಜೊತೆಗೆ ನಡುವಿನ ಬೋಗಿಗಳ ಅಡಿಯಲ್ಲೂ ಮೋಟಾರುಗಳನ್ನು ಸೇರಿಸಲಾಗಿತ್ತು. ಜರ್ಮನಿಯ ಐಸಿಇ ತನ್ನ ಮೂರನೇ ಪೀಳಿಗೆಯಲ್ಲಿ ಎಂಜಿನ್ನು ಬಿಟ್ಟು ಹಂಚಿದ ಎಳೆತಕ್ಕೆ ಬಂತು.

ನಮ್ಮ ಹಳಿಗಳ ಮೇಲೆ

2022ರ ನವೆಂಬರಿನಿಂದ ಚೆನ್ನೈ–ಬೆಂಗಳೂರು–ಮೈಸೂರು ನಡುವೆ ಓಡುತ್ತಿರುವ ವಂದೇ ಭಾರತ್ ರೈಲಿಗೆ ಎಂಜಿನ್ನು ಎಲ್ಲಿ ಎಂದು ಹುಡುಕಿದವರು ಅನೇಕರು. ಅದರ 16 ಬೋಗಿಗಳಲ್ಲಿ ಅರ್ಧದ ಅಡಿಯಲ್ಲಿ ಮೋಟಾರುಗಳಿವೆ. ನಮ್ಮ ಹಳಿಗಳಲ್ಲಿ ಅದು ತನ್ನ ಗರಿಷ್ಠ ವೇಗವನ್ನು ಮುಟ್ಟುವ ಅವಕಾಶ ಕಡಿಮೆ. ಆದರೂ ಅದು ಹಳೆಯ ರೈಲುಗಳಿಗಿಂತ ಬೇಗ ಊರು ಸೇರುವುದರಲ್ಲಿ, ತಿರುವಿಗೋ ನಿಲ್ದಾಣಕ್ಕೋ ನಿಧಾನಿಸಿದ ಮೇಲೆ ಕಳೆದ ವೇಗವನ್ನು ಚುರುಕಾಗಿ ಗಳಿಸಿಕೊಳ್ಳುವ ಗುಣದ ಪಾಲು ದೊಡ್ಡದು. ಗಂಟೆಗೆ 280 ಕಿ.ಮೀ. ವೇಗಕ್ಕೆ ವಿನ್ಯಾಸಗೊಂಡ ಎರಡು ರೈಲುಗಳನ್ನು ಮಾಡಿಕೊಡುವ ಕೆಲಸ 2024ರಲ್ಲಿ ಬೆಂಗಳೂರಿನ ಬಿಇಎಂಎಲ್ ಪಾಲಿಗೆ ಬಂದಿದೆ.

ಮುಂಬೈ–ಅಹಮದಾಬಾದ್ ನಡುವೆ ಜಪಾನಿನ ನೆರವಿನಿಂದ ಕಟ್ಟುತ್ತಿರುವ ದಾರಿಯ ಉದ್ದ 508 ಕಿ.ಮೀ., ನಿಲ್ದಾಣಗಳು 12. ಭಾಗಿಸಿ ನೋಡಿದರೆ ಎರಡು ನಿಲ್ದಾಣಗಳ ನಡುವೆ ಸರಾಸರಿ 46 ಕಿ.ಮೀ., ಕ್ಯೋಟೋ–ಶಿನ್-ಒಸಾಕಾ ದೂರಕ್ಕಿಂತ ಸ್ವಲ್ಪವೇ ಜಾಸ್ತಿ. ಕೆಲವೇ ಕಡೆ ನಿಲ್ಲುವ ರೈಲಿಗೆ 2 ಗಂಟೆ 7 ನಿಮಿಷ, ಎಲ್ಲ ಕಡೆ ನಿಲ್ಲುವ ರೈಲಿಗೆ 2 ಗಂಟೆ 58 ನಿಮಿಷ ಎಂದು ಯೋಜನೆ ಹೇಳುತ್ತದೆ. ಹೆಚ್ಚುವರಿಯಾಗಿ ನಿಲ್ಲುವ ಏಳೆಂಟು ನಿಲ್ದಾಣಗಳಿಗೆ ಈ 51 ನಿಮಿಷವನ್ನು ಹಂಚಿದರೆ ಒಂದೊಂದಕ್ಕೆ ಆರೇಳು ನಿಮಿಷ ಬರುತ್ತದೆ. ಬಾಗಿಲು ತೆರೆದು ಜನ ಹತ್ತಿಳಿಯುವುದಕ್ಕೂ, ಮುಂದಿನ ರೈಲಿಗೆ ದಾರಿ ಬಿಡುವುದಕ್ಕೂ ಅದರಲ್ಲಿ ಒಂದು ಪಾಲು ಹೋಗುತ್ತದೆ. ಉಳಿದದ್ದು 320ರಿಂದ ಸೊನ್ನೆಗೆ ಇಳಿದು ಮತ್ತೆ 320ಕ್ಕೆ ಏರುವುದಕ್ಕೆ. ವಾಪಿ, ಬಿಲಿಮೋರಾ, ಆನಂದದಂಥ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹಳಿ ಒದ್ದೆಯಾಗಿಯೇ ಇರುತ್ತದೆ. ಆ ಏರಿಕೆಯ ನಿಮಿಷಗಳನ್ನು ಕಡಿಮೆ ಮಾಡುವ ಕೆಲಸ ಅಲ್ಲೂ ಗಾಲಿಯ ಅಡಿಯ ಬೆರಳ ತುದಿಯಷ್ಟು ಜಾಗಕ್ಕೇ ಬಿದ್ದಿದೆ.